ಕೀಲೆಣ್ಣೆ ಬಾಗಿಲಿಗೆ, ಮಂಡಿಗಲ್ಲ!



ಈ ಸಲದ ಸಂಕ್ರಾಂತಿ ಊಟದ ದಿನ ಬಿಸಿಬೇಳೆಭಾತಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಹಿಂದಿನಿಂದ ಹಿರಿಯರೊಬ್ಬರು ಮೆಲ್ಲಗೆ ಭುಜ ತಟ್ಟಿದರು. ಮಗನ ಮನೆಗೆಂದು ಆರು ತಿಂಗಳ ಮಟ್ಟಿಗೆ ಊರಿನಿಂದ ಬಂದವರು. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ, ಒಂದು ಮಾತು ಕೇಳ್ತೀನಿ. ಗರಾಜಿನಲ್ಲಿ ಆ ನೀಲಿ ಡಬ್ಬಿ ಇಟ್ಟಿರ್ತಾರಲ್ಲ, ಪುಸ್ ಅಂತ ಹೊಡೆಯೋದು, ಅದನ್ನ ಮಂಡಿಗೆ ದಿನಕ್ಕೆ ಎಷ್ಟು ಸಲ ಹೊಡೀಬಹುದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವರ ಹಿಂದೆ ನಿಂತಿದ್ದ ಎಂಜಿನಿಯರು ಮಹಾಶಯರು ನಡುವೆ ಬಂದರು. "ಅಯ್ಯೋ ಸಾರ್, ಅದನ್ನ ಮುಟ್ಟಲೇಬೇಡಿ. ಅದರಿಂದ ಕ್ಯಾನ್ಸರ್ ಬರುತ್ತಂತೆ. ಮೈಗಿರಲಿ, ಬಾಗಿಲಿಗೂ ಹಾಕಬಾರದಂತೆ. ಹಾಕಿದ್ರೆ ಬಾಗಿಲ ಕೀಲೇ ತುಕ್ಕು ಹಿಡಿಯುತ್ತಂತೆ." ಹಪ್ಪಳ ಬಡಿಸುತ್ತಿದ್ದ ಮಹಿಳೆಯೊಬ್ಬರು ದನಿ ತಗ್ಗಿಸಿ, "ಅದರಲ್ಲಿ ಮೀನೆಣ್ಣೆ ಇದೆಯಂತೆ ಕಣ್ರೀ. ನಾವಂತೂ ದೇವರಮನೆ ಬಾಗಿಲಿಗೆ ಹಾಕೋದು ಬಿಟ್ಟೇಬಿಟ್ವಿ" ಎಂದರು.

ಅಂತೆ, ಅಂತೆ, ಅಂತೆ! ಅಂತೆ ಕಂತೆಗಳ ಸಂತೆ. ಮೂವರೂ ಓದಿದವರು. ಮೂವರ ಮನೆಯಲ್ಲೂ ಆ ಡಬ್ಬಿ ಇದೆ. ಡಬ್ಬಿಯ ಬೆನ್ನ ಮೇಲೆ ಅಚ್ಚಾಗಿರುವ ನಾಲ್ಕು ಸಾಲನ್ನು ಮೂವರಲ್ಲಿ ಒಬ್ಬರೂ ಓದಿರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನಮ್ಮ ಕಥೆ ಅದಕ್ಕಿಂತ ಬೇರೆಯಲ್ಲ.

ಸಂಪಾದಕರು ನನ್ನಿಂದ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಬಗ್ಗೆ ಸೌಮ್ಯವಾದ ಲೇಖನ ಕೇಳುತ್ತಾರೆ. ಈ ಸಲ ಜಗಳಕ್ಕೇ ಬಂದಿದ್ದೇನೆ, ಕ್ಷಮಿಸಿ. ನನ್ನ ಜಗಳ ಆ ಡಬ್ಬಿಯ ಮೇಲಲ್ಲ. ಅದನ್ನು ಸರ್ವರೋಗ ಸಂಜೀವಿನಿ ಎಂದು ಹೊಗಳುವವರ ಮೇಲೆ ಒಂದು ಪಾಲು. ಅದನ್ನು ಬ್ರಹ್ಮರಾಕ್ಷಸ ಎಂದು ಹೆದರಿಸುವವರ ಮೇಲೆ ಎರಡು ಪಾಲು. ಏಕೆ ಎರಡು ಪಾಲು ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಕಾರಣ ಒಂದು ಲೋಟ ಉಪ್ಪುನೀರು.

ಡಬ್ಬಿಯ ಜಾತಕ

ಹೆಸರು ಹೇಳಿಬಿಡೋಣ, ಡಬ್ಲ್ಯೂಡಿ-40. ಈ ಜಾತಿಯ ಡಬ್ಬಿಗಳು ಅಂಗಡಿಯಲ್ಲಿ ಹತ್ತಾರು ಇದ್ದರೂ ನಮ್ಮ ಬಾಯಲ್ಲಿ ಎಲ್ಲವೂ ಇದೇ ಹೆಸರು. 1953ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿ ರಾಕೆಟ್ ಕೆಮಿಕಲ್ ಕಂಪನಿ ಎಂಬ ಪುಟ್ಟ ಸಂಸ್ಥೆ ಇದನ್ನು ತಯಾರಿಸಿತು. ಡಬ್ಲ್ಯೂಡಿ ಎಂದರೆ ನೀರನ್ನು ಸ್ಥಳಾಂತರಿಸುವುದು, ಅಂದರೆ ಲೋಹದ ಮೈಯಿಂದ ತೇವವನ್ನು ಒತ್ತಿ ಹೊರಗೆ ಹಾಕುವುದು. ನಲವತ್ತನೆಯ ಪ್ರಯತ್ನಕ್ಕೆ ಪಾಕ ಹದಕ್ಕೆ ಬಂದದ್ದರಿಂದ 40. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹತ್ತದಂತೆ ಕಾಯುವುದು ಇದರ ಮೊದಲ ಉದ್ಯೋಗ. ಕಾರ್ಖಾನೆಯ ಕೆಲಸಗಾರರು ಮನೆಗೂ ಒಯ್ಯತೊಡಗಿದರು. 1958ರಲ್ಲಿ ಸಿಂಪಡಿಸುವ ಡಬ್ಬಿಯಾಗಿ ಅಂಗಡಿಗೆ ಬಂತು. 1969ರಲ್ಲಿ ಕಂಪನಿ ಈ ಸರಕಿನ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು.

ಪಾಕದ ಗುಟ್ಟನ್ನು ಕಂಪನಿ ಬಿಟ್ಟುಕೊಟ್ಟಿಲ್ಲ. ಗುಟ್ಟು ಇರುವಲ್ಲಿ ಗಾಳಿಸುದ್ದಿ ಹುಟ್ಟುತ್ತದೆ. ಆದರೆ ಗುಟ್ಟಾಗಿರುವುದು ಅಳತೆ ಮತ್ತು ವಿವರ ಮಾತ್ರ. ಯಾವ ಜಾತಿಯ ವಸ್ತುಗಳಿವೆ ಎಂಬುದು ಗುಟ್ಟಲ್ಲ. ಕೆಲಸಗಾರರ ಸುರಕ್ಷತೆಗಾಗಿ ಕಂಪನಿಗಳು ಪ್ರಕಟಿಸಬೇಕಾದ ವಿವರ ಪತ್ರದಲ್ಲಿ ಅದೆಲ್ಲ ಇದೆ. ಸುಮಾರು ಅರ್ಧ ಭಾಗ ಬೇಗ ಆವಿಯಾಗುವ ಹಗುರವಾದ ಪೆಟ್ರೋಲಿಯಂ ದ್ರಾವಕ, ಒಂದು ಪಾಲು ಪೆಟ್ರೋಲಿಯಂನಿಂದಲೇ ಬಂದ ಎಣ್ಣೆ, ಹೊರಗೆ ದೂಡಲು ಸ್ವಲ್ಪ ಇಂಗಾಲದ ಡೈಆಕ್ಸೈಡು. ದ್ರಾವಕ ಎಣ್ಣೆಯನ್ನು ಸಂದುಗೊಂದುಗಳಿಗೆ ಒಯ್ದು ಬಿಟ್ಟು ತಾನು ಹಾರಿಹೋಗುತ್ತದೆ. ಎಣ್ಣೆಯ ತೆಳುಪೊರೆ ಉಳಿಯುತ್ತದೆ. ಇಷ್ಟೇ ಮಹಿಮೆ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಸೀಮೆಎಣ್ಣೆಯ ದಾಯಾದಿ. ಊರಿನಲ್ಲಿ ಸೈಕಲ್ ಶಾಪಿನವನು ಜಾಮ್ ಆದ ನಟ್ಟಿಗೆ ಸೀಮೆಎಣ್ಣೆ ಬಿಟ್ಟು, ಒಂದು ಬೀಡಿ ಸೇದುವಷ್ಟು ಹೊತ್ತು ಕಾದು, ಆಮೇಲೆ ಸ್ಪ್ಯಾನರ್ ಹಾಕುತ್ತಿದ್ದ ನೆನಪಿದೆಯೇ? ಅದೇ ತತ್ವ. (ಬೀಡಿ ಒಂದು ಬಿಟ್ಟು!)

ಮೀನೂ ಇಲ್ಲ, ಮದ್ದೂ ಇಲ್ಲ

ಮೊದಲು ಹಪ್ಪಳದ ಅಕ್ಕನವರಿಗೆ ಉತ್ತರ. ಅದರಲ್ಲಿ ಮೀನೆಣ್ಣೆ ಇಲ್ಲ. ಇಲ್ಲಿನ ಕೆಲವು ಗಾಳಗಾರರು ಮೀನು ಕಚ್ಚಲಿ ಎಂದು ಗಾಳದ ಎರೆಗೆ ಇದನ್ನು ಹೊಡೆಯುತ್ತಿದ್ದರು. ಅಲ್ಲಿಂದ "ಮೀನಿಗೆ ಹಿಡಿಸುವುದರಿಂದ ಇದರಲ್ಲಿ ಮೀನಿದೆ" ಎಂಬ ತರ್ಕ ಹುಟ್ಟಿರಬೇಕು. ಕಂಪನಿಯೇ ಮೀನೆಣ್ಣೆ ಇಲ್ಲವೆಂದು ಹೇಳಿದೆ. ದೇವರಮನೆ ಬಾಗಿಲು ಕಿರುಗುಟ್ಟುತ್ತಿದ್ದರೆ ಧಾರಾಳವಾಗಿ ಹಾಕಿ. ಆದರೆ ಒಂದು ಮಾತು. ದೀಪ ಆರಿದ ಮೇಲೆ ಹಾಕಿ! ಮೀನಿನ ಬಗ್ಗೆ ಚಿಂತಿಸಿದವರು ಉರಿಯುವ ದೀಪದ ಬಗ್ಗೆ ಚಿಂತಿಸಿರಲಿಲ್ಲ. ನನ್ನ ದೂರು ಇದೇ.

ಇನ್ನು ಮಂಡಿ. ಈ ಭ್ರಮೆಗೆ ನಮ್ಮ ಭಾಷೆಯೂ ಸ್ವಲ್ಪ ಹೊಣೆ. ಬಾಗಿಲಿಗೂ ಕೀಲು, ಗಾಡಿಗೂ ಕೀಲು, ಮೈಗೂ ಕೀಲು. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದ ಮಂದಿ ನಾವು. "ಕೀಲಿಗೆ ಎಣ್ಣೆ ಬೇಕು" ಎಂದ ಕೂಡಲೇ ಮಂಡಿ ಬಟ್ಟಲೂ ನೆನಪಾಗುವುದು ಸಹಜ. ಆದರೆ ಮಂಡಿ ಬಾಗಿಲಲ್ಲ. ಚರ್ಮ, ಕೊಬ್ಬು, ಸ್ನಾಯು, ಕೀಲಿನ ಚೀಲ ಇಷ್ಟನ್ನು ದಾಟಿ ಒಳಗಿನ ಮೃದ್ವಸ್ಥಿಗೆ ಎಣ್ಣೆ ಹೋಗಿ ಕೂರುವುದಿಲ್ಲ. ಅಲ್ಲಿ ದೇವರು ಕೊಟ್ಟ ಕೀಲೆಣ್ಣೆ ಬೇರೆಯೇ ಇದೆ. ಮೊಟ್ಟೆಯ ಬಿಳಿಯಂತೆ ಅಂಟಾದ ದ್ರವ ಅದು. ಸಂಧಿವಾತದಲ್ಲಿ ಸವೆಯುವುದು ಮೃದ್ವಸ್ಥಿ. ಸವೆದ ಹಲಗೆಗೆ ಎಣ್ಣೆ ಹಾಕಿದರೆ ಹಲಗೆ ಬೆಳೆಯುತ್ತದೆಯೇ?

"ಆದರೆ ಡಾಕ್ಟ್ರೇ, ಹೊಡೆದ ಮೇಲೆ ಹಾಯ್ ಅನ್ಸುತ್ತೆ" ಎಂದರು ಹಿರಿಯರು. ಅನ್ನಿಸುತ್ತದೆ, ಸುಳ್ಳಲ್ಲ. ದ್ರಾವಕ ಆವಿಯಾಗುವಾಗ ಚರ್ಮ ತಣ್ಣಗಾಗುತ್ತದೆ. ಮೇಲೆ ಕೈಯಿಂದ ಉಜ್ಜುತ್ತೀರಿ, ಉಜ್ಜಿದರೆ ಹಿತ. ಮಂಡಿನೋವು ತಾನೇ ಒಂದು ವಾರ ಏರಿ ಒಂದು ವಾರ ಇಳಿಯುವಂಥದು. ಏರಿದ ದಿನ ಹೊಡೆದರೆ ಇಳಿದ ದಿನದ ಪುಣ್ಯ ಡಬ್ಬಿಗೆ. ಇದರ ಜೊತೆಗೆ ಚರ್ಮದ ಸ್ವಂತ ಜಿಡ್ಡನ್ನು ದ್ರಾವಕ ತೊಳೆದು ತೆಗೆಯುತ್ತದೆ. ದಿನಾ ಹೊಡೆದರೆ ಚರ್ಮ ಒಣಗಿ, ಕೆಂಪಾಗಿ, ಬಿರಿದು ತುರಿಕೆ ಹತ್ತುತ್ತದೆ. ಆ ಹಿರಿಯರ ಪಂಚೆ ಸರಿಸಿ ನೋಡಿದೆ. ಆಗಲೇ ಹತ್ತಿತ್ತು. ಮಿಷಿಗನ್ನಿನ ಜನವರಿಯ ಒಣಹವೆ ಸಾಲದೆಂದು ಇದು ಬೇರೆ.

ಈ ಸಂಗತಿಯಲ್ಲಿ ತಮಾಷೆ ಏನೆಂದರೆ, ಕಂಪನಿಯೇ ತನ್ನ ಸರಕನ್ನು ವೈದ್ಯಕೀಯಕ್ಕೆ ಬಳಸಬೇಡಿ ಎಂದು ಹೇಳಿದೆ. ಕೀಲುನೋವು ಕಡಿಮೆಯಾಗಲು ಯಾವ ಕಾರಣವೂ ತನಗೆ ಗೊತ್ತಿಲ್ಲ ಎಂದಿದೆ. ಮಾರುವವನೇ ಬೇಡವೆಂದರೂ ಕೊಳ್ಳುವವನು ಹಚ್ಚಿಕೊಳ್ಳುತ್ತಾನೆ! ಮಂಡಿನೋವಿಗೆ ಆಧಾರವಿರುವ ಉಪಾಯಗಳು ನೀರಸವಾದವು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು, ಹಚ್ಚಿಕೊಳ್ಳಲೇಬೇಕೆಂದರೆ ಡೈಕ್ಲೋಫೆನಾಕ್ ಜೆಲ್. 2020ರಿಂದ ಈ ದೇಶದಲ್ಲಿ ಅದು ಚೀಟಿಯಿಲ್ಲದೆ ಸಿಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಮೊದಲು ಕೇಳಿ. ಉಳಿದಂತೆ ಅಮ್ಮ ಕಾಯಿಸಿ ಕೊಡುವ ಎಳ್ಳೆಣ್ಣೆ ಉಜ್ಜಿಕೊಂಡು ಬಿಸಿನೀರು ಹುಯ್ದುಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ಅದರಿಂದ ಮೃದ್ವಸ್ಥಿ ಬೆಳೆಯದಿದ್ದರೂ ಚರ್ಮವಾದರೂ ಉಳಿಯುತ್ತದೆ.

ಹೆದರಿಸುವವರ ಪಟ್ಟಿ

ಈಗ ಎಂಜಿನಿಯರು ಮಹಾಶಯರ ಕಡೆಗೆ. "ಈ ಡಬ್ಬಿಯನ್ನು ಎಂದೂ ಬಳಸಬಾರದ ಹತ್ತು ಜಾಗಗಳು" ಎಂಬ ಪಟ್ಟಿ ನಮ್ಮೆಲ್ಲರ ಫೋನಿಗೂ ಬಂದಿದೆ. ನನಗೆ ನಾಲ್ಕು ಸಲ ಬಂದಿದೆ, ಅದರಲ್ಲಿ ಎರಡು ಸಲ ನನ್ನ ಸ್ವಂತ ಭಾವನಿಂದ. ಒಂದೊಂದನ್ನೇ ನೋಡೋಣ.

"ಇದು ಎಣ್ಣೆಯೇ ಅಲ್ಲ, ಬರೀ ದ್ರಾವಕ, ಇದರಿಂದ ತುಕ್ಕು ಹಿಡಿಯುತ್ತದೆ." ಅರ್ಧ ಸತ್ಯ. ಹೆಸರಿನಲ್ಲಿ ಎಣ್ಣೆ ಇಲ್ಲ, ಡಬ್ಬಿಯಲ್ಲಿ ಇದೆ. ತುಕ್ಕು ತಡೆಯುವುದಕ್ಕೆಂದೇ ಹುಟ್ಟಿದ್ದು. ಆದರೆ ಉಳಿಯುವ ಪೊರೆ ತೆಳು. ಕಿರುಗುಟ್ಟುವ ಬಾಗಿಲಿಗೆ ಸಾಕು. ಭಾರ ಹೊರುವ ಬೇರಿಂಗಿಗೆ, ದಿನಾ ತುಳಿಯುವ ಸೈಕಲ್ ಚೈನಿಗೆ ಸಾಲದು. ಅಲ್ಲಿ ಹಳೆಯ ಕೊಳೆ ಬಿಡಿಸಲು ಇದು, ಆಮೇಲೆ ಆ ಕೆಲಸಕ್ಕೆ ತಕ್ಕ ಗ್ರೀಸು ಅಥವಾ ಚೈನ್ ಎಣ್ಣೆ. ಸಾಲದು ಎನ್ನುವುದು ಬೇರೆ, ಹಾಳುಮಾಡುತ್ತದೆ ಎನ್ನುವುದು ಬೇರೆ.

"ಬೀಗಕ್ಕೆ ಹಾಕಿದರೆ ಬೀಗ ಕೆಡುತ್ತದೆ." ಇದರಲ್ಲಿಯೂ ಒಂದು ಕಾಳು ಇದೆ. ಎಣ್ಣೆಯಿರುವ ಕಡೆ ಧೂಳು ಅಂಟುತ್ತದೆ, ಆದ್ದರಿಂದ ಬೀಗಕ್ಕೆ ಗ್ರ್ಯಾಫೈಟ್ ಪುಡಿಯಂಥ ಒಣ ಪದಾರ್ಥ ಮೇಲು. ಆದರೆ ಚಳಿಗಾಲದ ರಾತ್ರಿ ಕಾರಿನ ಬೀಗ ಹೆಪ್ಪುಗಟ್ಟಿ ಮಗುವನ್ನು ಎತ್ತಿಕೊಂಡು ಹೊರಗೆ ನಿಂತವರು ಒಂದು ಸಲ ಹೊಡೆದರೆ ಆಕಾಶವೇನೂ ಬೀಳುವುದಿಲ್ಲ.

"ಕ್ಯಾನ್ಸರ್ ಬರುತ್ತದೆ." ಇದು ನನ್ನ ಕ್ಷೇತ್ರ, ಸ್ವಲ್ಪ ನಿಲ್ಲುತ್ತೇನೆ. ಖನಿಜ ತೈಲಗಳಿಂದ ಕ್ಯಾನ್ಸರ್ ಬಂದ ಚರಿತ್ರೆ ನಿಜವಾಗಿಯೂ ಇದೆ. ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಎಣ್ಣೆ ವರ್ಷಗಟ್ಟಲೆ ಬಟ್ಟೆಗೆ ಹತ್ತಿ ಕೆಲಸಗಾರರಿಗೆ ಚರ್ಮದ ಕ್ಯಾನ್ಸರ್ ಬರುತ್ತಿತ್ತು. ಅದು ಸರಿಯಾಗಿ ಶುದ್ಧೀಕರಿಸದ ಎಣ್ಣೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಶುದ್ಧೀಕರಿಸದ ಮತ್ತು ಅರೆಬರೆ ಶುದ್ಧೀಕರಿಸಿದ ಎಣ್ಣೆಗಳನ್ನು ಕ್ಯಾನ್ಸರ್‌ಕಾರಕ ಎಂದು ಸೇರಿಸಿದೆ. ಚೆನ್ನಾಗಿ ಶುದ್ಧೀಕರಿಸಿದವನ್ನು ಹಾಗೆ ಸೇರಿಸಿಲ್ಲ. ವರ್ಷಕ್ಕೆ ನಾಲ್ಕು ಸಲ ಬಾಗಿಲಿಗೆ ಹೊಡೆಯುವವರು ಗಿರಣಿಯ ಕೆಲಸಗಾರರಲ್ಲ. ಕ್ಯಾನ್ಸರ್ ಭಯ ಇದ್ದರೆ ಸಿಗರೇಟು ಬಿಡಿ, ಐವತ್ತಕ್ಕೆ ಮೊದಲೇ ಕರುಳಿನ ಪರೀಕ್ಷೆ ಮಾಡಿಸಿ. ಈ ಪಟ್ಟಿ ಕಳಿಸಿದ ನನ್ನ ಭಾವ ಇನ್ನೂ ಮಾಡಿಸಿಲ್ಲ!

"ಅಡುಗೆಮನೆಯಲ್ಲಿ ಹಾಕಬಾರದು." ಇದು ನಿಜ. ಚಕ್ಕುಲಿ ಒರಳಿನ ತಿರುಪಿಗೆ, ಗ್ರೈಂಡರಿನ ಕಲ್ಲಿನ ಕಡ್ಡಿಗೆ, ತೆಂಗಿನಕಾಯಿ ತುರಿಯುವ ಯಂತ್ರಕ್ಕೆ ಇದನ್ನು ಹಾಕಬೇಡಿ. ಆಹಾರ ಮುಟ್ಟುವ ಕಡೆಗೆಂದೇ ಬೇರೆ ಖನಿಜ ತೈಲ ಔಷಧದಂಗಡಿಯಲ್ಲಿ ಸಿಗುತ್ತದೆ. ಕುಕ್ಕರಿನ ರಬ್ಬರಿಗಂತೂ ಬೇಡವೇ ಬೇಡ. ಪೆಟ್ರೋಲಿಯಂ ಎಣ್ಣೆ ನೈಸರ್ಗಿಕ ರಬ್ಬರನ್ನು ಉಬ್ಬಿಸುತ್ತದೆ. ಪಾರದರ್ಶಕವಾದ ಕೆಲವು ಗಟ್ಟಿ ಪ್ಲಾಸ್ಟಿಕ್ಕುಗಳೂ ಇದರಿಂದ ಸಣ್ಣಗೆ ಬಿರುಕು ಬಿಡುತ್ತವೆ.

ಹೀಗೆ ಹತ್ತರಲ್ಲಿ ಮೂರು ನಿಜ, ನಾಲ್ಕು ಅರ್ಧ ನಿಜ, ಮೂರು ಶುದ್ಧ ಸುಳ್ಳು. "ಆದರೆ ಏನಾಯಿತು? ಎಚ್ಚರಿಕೆ ಹೇಳಿದರೆ ನಷ್ಟವೇನು?" ಎಂದು ಭಾವ ಕೇಳಿದ. ನಷ್ಟವೇನು ಎಂಬುದಕ್ಕೆ ಎರಡು ಕಥೆ ಹೇಳುತ್ತೇನೆ.

ಒಂದು ಲೋಟ ಉಪ್ಪುನೀರು

1994ರ ಬೇಸಿಗೆ. ನಾನು ಎಂಬಿಬಿಎಸ್ ಮುಗಿಸಿ ಹಳೇ ಮೈಸೂರು ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಮಧ್ಯಾಹ್ನ ಎರಡರ ಹೊತ್ತಿಗೆ ಎರಡು ವರ್ಷದ ಗಂಡು ಮಗುವನ್ನು ಅಜ್ಜಿ ಸೊಂಟದ ಮೇಲೆ ಹೊತ್ತುಕೊಂಡು ಓಡಿಬಂದಳು. ರೇಷನ್ನಿನ ಸೀಮೆಎಣ್ಣೆಯನ್ನು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ತುಂಬಿ ಒಲೆಯ ಪಕ್ಕ ಇಟ್ಟಿದ್ದರು. ಬಾಯಾರಿದ ಮಗು ಒಂದು ಗುಟುಕು ಕುಡಿದಿತ್ತು. ಆಗಿನ ದಿನಗಳಲ್ಲಿ ಬೇಸಿಗೆ ಬಂತೆಂದರೆ ನಮ್ಮ ಮಕ್ಕಳ ವಾರ್ಡಿಗೆ ಇಂಥ ಮಕ್ಕಳು ಬರುವುದು ವಾಡಿಕೆಯೇ ಆಗಿತ್ತು.

ಒಂದೇ ಗುಟುಕು. ಕೂಡಲೇ ಸ್ವಲ್ಪ ಕೆಮ್ಮಿ ಸುಮ್ಮನಾಗಿತ್ತಂತೆ. ಆದರೆ ನೆರೆಯವರೆಲ್ಲ ಸೇರಿ "ವಿಷ ಕುಡಿದಿದೆ, ಕಕ್ಕಿಸಿ, ಕಕ್ಕಿಸಿ" ಎಂದರು. ಅಜ್ಜಿ ಒಂದು ಲೋಟ ನೀರಿಗೆ ಹಿಡಿ ಉಪ್ಪು ಹಾಕಿ ಕುಡಿಸಿ, ಗಂಟಲಿಗೆ ಬೆರಳಿಟ್ಟು ಕಕ್ಕಿಸಿದಳು. ಎರಡು ಸಲ. ನಮ್ಮ ಹತ್ತಿರ ಬಂದಾಗ ಮಗುವಿನ ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಲುಬು ಒಳಗೆ ಸೆಳೆಯುತ್ತಿತ್ತು, ತುಟಿ ನೀಲಿಗಟ್ಟಿತ್ತು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಹತ್ತಿಯ ಹಾಗೆ. ಇದ್ದ ಆಮ್ಲಜನಕ ಕೊಟ್ಟೆವು. ಆ ಆಸ್ಪತ್ರೆಯಲ್ಲಿ ಮಕ್ಕಳಿಗೆ ಉಸಿರಾಟದ ಯಂತ್ರ ಇರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಮಗು ಹೋಯಿತು.

ಇದರ ಹಿಂದಿನ ಕಾರಣವನ್ನು ನೀವು ತಿಳಿಯಬೇಕು. ಸೀಮೆಎಣ್ಣೆಯಾಗಲಿ, ಈ ಡಬ್ಬಿಯ ದ್ರವವಾಗಲಿ, ದೀಪಗಳಿಗೆ ಇಲ್ಲಿ ಮಾರುವ ಬಣ್ಣದ ಪ್ಯಾರಾಫಿನ್ ಎಣ್ಣೆಯಾಗಲಿ, ಹೊಟ್ಟೆಯಲ್ಲಿ ಮಾಡುವ ಕೇಡು ಸಾಮಾನ್ಯವಾಗಿ ಕಡಿಮೆ. ಇವುಗಳ ಕೇಡು ಶ್ವಾಸಕೋಶದಲ್ಲಿ. ಇವು ನೀರಿಗಿಂತ ಸುಲಭವಾಗಿ ಹರಡುತ್ತವೆ. ಚಮಚದ ಸಣ್ಣ ಪಾಲು ಶ್ವಾಸನಾಳಕ್ಕೆ ಜಾರಿದರೂ ಸಾಕು, ಗಾಳಿಯ ಸಣ್ಣ ಚೀಲಗಳು ಮುದುಡದಂತೆ ಕಾಯುವ ಲೇಪವನ್ನು ಕರಗಿಸಿಬಿಡುತ್ತವೆ. ಚೀಲಗಳು ಮುದುಡುತ್ತವೆ, ಒಳಗೆ ನೀರು ತುಂಬುತ್ತದೆ. ನುಂಗುವಾಗ ಒಮ್ಮೆ ಗಂಟಲು ದಾಟಿದ್ದನ್ನು ವಾಂತಿ ಮಾಡಿಸಿದರೆ ಮತ್ತೊಮ್ಮೆ ಅದೇ ಗಂಟಲಿನ ಮೇಲೆ ತರುತ್ತೀರಿ. ಹೊಟ್ಟೆಯಲ್ಲಿ ಸುಮ್ಮನಿದ್ದ ಎಣ್ಣೆಗೆ ಶ್ವಾಸಕೋಶದ ದಾರಿ ತೋರಿಸುತ್ತೀರಿ. ಆ ಮಗುವನ್ನು ಮೊದಲ ಗುಟುಕೇ ಕೊಂದಿತೋ ಆಮೇಲಿನ ವಾಂತಿಯೋ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ವಾಂತಿ ಮಾಡಿಸದಿದ್ದರೆ ಅದಕ್ಕೆ ಬದುಕುವ ದಾರಿ ಹೆಚ್ಚಿತ್ತು ಎಂದು ಇಂದಿಗೂ ನಂಬಿದ್ದೇನೆ. ಅಜ್ಜಿಯನ್ನು ನಾನು ದೂರುವುದಿಲ್ಲ. ಆಕೆ ಎಲ್ಲರೂ ಹೇಳಿದ್ದನ್ನೇ ಮಾಡಿದಳು. "ಎಲ್ಲರೂ" ಹೇಳಿದ್ದು ತಪ್ಪಾಗಿತ್ತು.

ಎರಡನೆಯ ಕಥೆ ಹಿಂದಿನ ವರ್ಷದ್ದು, ನಮ್ಮವರದೇ ಒಂದು ಮನೆಯದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಹತ್ತುವ ವಿವರ ಬಿಟ್ಟಿದ್ದೇನೆ. ರಾತ್ರಿ ಎಂಟೂವರೆಗೆ ಫೋನು. "ಡಾಕ್ಟ್ರೇ, ಮಗು ಗರಾಜಿನ ಎಣ್ಣೆ ಕುಡಿದುಬಿಟ್ಟಿದೆ. ಉಪ್ಪುನೀರು ಕಲಸ್ತಾ ಇದೀವಿ, ಎಷ್ಟು ಉಪ್ಪು ಹಾಕ್ಬೇಕು?"

ಮೂವತ್ತು ವರ್ಷ, ಎಂಟು ಸಾವಿರ ಮೈಲಿ. ಅದೇ ಉಪ್ಪುನೀರು!

"ಲೋಟ ಕೆಳಗಿಡಿ" ಎಂದು ನಾನು ಕೂಗಿದ್ದು ನನ್ನ ಹೆಂಡತಿಗೆ ಮಹಡಿಯ ಮೇಲೆ ಕೇಳಿಸಿತಂತೆ. ತುಕ್ಕು ಬಿಡಿಸುವ ಎಣ್ಣೆಯನ್ನು ಅಗ್ಗವೆಂದು ಗ್ಯಾಲನ್ ಡಬ್ಬದಲ್ಲಿ ತಂದು, ಸೈಕಲ್ಲಿಗೆ ಬಿಡಲು ಅನುಕೂಲವೆಂದು ಸ್ವಲ್ಪವನ್ನು ಖಾಲಿ ಜ್ಯೂಸ್ ಬಾಟಲಿಗೆ ಸುರಿದಿಟ್ಟಿದ್ದರು. ಮಗು ಕೆಮ್ಮುತ್ತಲೇ ಇತ್ತು. 911ಕ್ಕೆ ಕರೆ ಮಾಡಿಸಿದೆ. ಎರಡು ದಿನ ಆಸ್ಪತ್ರೆಯಲ್ಲಿದ್ದು, ಆಮ್ಲಜನಕ ತೆಗೆದುಕೊಂಡು, ಮಗು ನಗುನಗುತ್ತ ಮನೆಗೆ ಬಂತು. ದೇವರು ದೊಡ್ಡವನು.

ನಾನು ಮಗುವನ್ನು ನೋಡಲು ಹೋದಾಗ ಆ ತಂದೆ ಪಾಪ ತಲೆತಗ್ಗಿಸಿ ಒಂದು ಮಾತು ಹೇಳಿದರು. ಆ ಮಾತೇ ಈ ಲೇಖನಕ್ಕೆ ಕಾರಣ. "ಸಾರ್, 'ಬಳಸಬಾರದ ಹತ್ತು ಜಾಗಗಳು' ನನಗೆ ಬಾಯಿಪಾಠ ಇತ್ತು. ಬೀಗಕ್ಕೆ ಹಾಕಬಾರದು, ಚೈನಿಗೆ ಹಾಕಬಾರದು, ಎಲ್ಲಾ. ಕುಡಿದರೆ ವಾಂತಿ ಮಾಡಿಸಬಾರದು ಅಂತ ಆ ಪಟ್ಟಿಯಲ್ಲಿ ಇರಲಿಲ್ಲ." ಪಟ್ಟಿಯಲ್ಲಿ ಇರಲಿಲ್ಲ, ನಿಜ. ಗರಾಜಿನಲ್ಲಿದ್ದ ಡಬ್ಬದ ಬೆನ್ನ ಮೇಲೆ ಇತ್ತು.

ಭಾವ, ಇದು ನಷ್ಟ. ಮನುಷ್ಯನ ಗಮನ ಸೀಮಿತ. ಸುಳ್ಳು ಎಚ್ಚರಿಕೆ ಬರೀ ಸುಳ್ಳಾಗಿ ಸುಮ್ಮನಿರುವುದಿಲ್ಲ. ನಿಜವಾದ ಎಚ್ಚರಿಕೆ ಕೂರಬೇಕಾದ ಕುರ್ಚಿಯಲ್ಲಿ ತಾನು ಕೂರುತ್ತದೆ. ಹೊಗಳುವವನು ಹೆಚ್ಚೆಂದರೆ ನಿಮ್ಮ ಮಂಡಿಯ ಚರ್ಮ ಕೆಡಿಸುತ್ತಾನೆ. ಹೆದರಿಸುವವನು ನಿಮಗೆ "ನಾನು ಎಚ್ಚರದಿಂದಿದ್ದೇನೆ" ಎಂಬ ಸುಳ್ಳು ನೆಮ್ಮದಿ ಕೊಡುತ್ತಾನೆ. ಆದ್ದರಿಂದಲೇ ಅವನಿಗೆ ಎರಡು ಪಾಲು ಬೈಗುಳ.

ಡಬ್ಬಿಯ ಬೆನ್ನ ಮೇಲೆ ಇರುವುದು

ಹಾಗಾದರೆ ನಿಜವಾದ ಅಪಾಯಗಳು ಯಾವುವು? ಹತ್ತಿಲ್ಲ. ನಾಲ್ಕೇ.

ಒಂದು, ನುಂಗುವುದು. ಮಗು ಕುಡಿದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಬೇಡ, ಅದು ಮಗುವಿನ ರಕ್ತದಲ್ಲಿ ಉಪ್ಪು ಏರಿಸಿ ತಾನೇ ಒಂದು ವಿಷವಾಗುತ್ತದೆ. ಹಿಂದೆ ಇಲ್ಲಿನ ಮನೆಗಳಲ್ಲಿ ಇಡುತ್ತಿದ್ದ ವಾಂತಿಯ ಔಷಧ ಇಪೆಕ್ಯಾಕನ್ನೂ ಮನೆಯಲ್ಲಿ ಬಳಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲೇ ಹೇಳಿದೆ. ಮಗು ಕೆಮ್ಮುತ್ತಿದ್ದರೆ, ಉಸಿರು ಕಷ್ಟವಾದರೆ, ಮಂಕಾದರೆ 911. ಚೆನ್ನಾಗಿಯೇ ಕಂಡರೂ ವಿಷ ಮಾಹಿತಿ ಕೇಂದ್ರ 1-800-222-1222ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಬಿಟ್ಟಿ. ಇಂಗ್ಲಿಷ್ ಬಾರದ ಅಜ್ಜ ಅಜ್ಜಿಯರಿಗೆ ದುಭಾಷಿಯ ನೆರವೂ ಉಂಟು. ಆಗ ಚೆನ್ನಾಗಿ ಕಂಡ ಮಗುವಿಗೂ ಕೆಲವು ಗಂಟೆಗಳ ನಂತರ ಉಸಿರಾಟ ಕೆಡಬಹುದು, ಅದಕ್ಕೇ ಕರೆ.

ಎರಡು, ಬೆಂಕಿ. ದ್ರಾವಕದ ಆವಿ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ನೆಲಮಾಳಿಗೆಯಲ್ಲಿ ನೀರು ಕಾಯಿಸುವ ಹೀಟರಿನ ಸದಾ ಉರಿಯುವ ಪುಟ್ಟ ಜ್ವಾಲೆ, ಇವುಗಳ ಹತ್ತಿರ ಹೊಡೆಯಬೇಡಿ. ಬೇಸಿಗೆಯಲ್ಲಿ ಡಬ್ಬಿಯನ್ನು ಕಾರಿನೊಳಗೆ ಬಿಡಬೇಡಿ.

ಮೂರು, ವಿದ್ಯುತ್ತು. ಕಾರಿನ ಬ್ಯಾಟರಿ ಕೆಲಸ ಮಾಡುವಾಗ ಲೋಹದ ಡಬ್ಬಿ ಬ್ಯಾಟರಿಯ ತುದಿಗೆ ತಗುಲಿದರೆ ಕಿಡಿ ಹಾರಿ, ಡಬ್ಬಿ ತೂತಾಗಿ, ಒಳಗಿನದು ಹೊತ್ತಿಕೊಂಡು ಕೈಮುಖ ಸುಡುತ್ತದೆ. ಯಂತ್ರಕ್ಕೆ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ನಾಲ್ಕು, ಗಾಳಿ. ಬಾಗಿಲು ಮುಚ್ಚಿದ ಗರಾಜಿನಲ್ಲಿ ಡಬ್ಬಿಗಟ್ಟಲೆ ಹೊಡೆದರೆ ತಲೆಸುತ್ತು, ತಲೆನೋವು. ಆಸ್ತಮಾ ಇರುವವರು ದೂರವಿರಿ. ಇದಕ್ಕೆ ಸೇರಿದ ಇನ್ನೊಂದು ಮಾತು. ಗರಾಜಿನ ಕಪಾಟಿನಲ್ಲಿ ಎಲ್ಲ ಡಬ್ಬಿಯೂ ಒಂದೇ ಥರ ಕಾಣುತ್ತವೆ, ಒಳಗಿನದು ಒಂದೇ ಅಲ್ಲ. ಬ್ರೇಕ್ ತೊಳೆಯುವ ಕೆಲವು ಡಬ್ಬಿಗಳಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇರುತ್ತದೆ. ಅದು ಹತ್ತಿದ ಲೋಹವನ್ನು ಬೆಸುಗೆ ಹಾಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲ ಅದು. ಒಂದು ಡಬ್ಬಿಯ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ, ಪ್ರತಿಯೊಂದನ್ನೂ ತಿರುಗಿಸಿ ಓದಬೇಕು.

ಈ ನಾಲ್ಕಕ್ಕೂ ಮೇಲೆ ಒಂದು ಸುಗ್ರೀವಾಜ್ಞೆ. ಯಾವ ಎಣ್ಣೆಯನ್ನೂ, ಯಾವ ದ್ರಾವಕವನ್ನೂ ತಿನ್ನುವ ಕುಡಿಯುವ ಪದಾರ್ಥದ ಬಾಟಲಿಗೆ ಸುರಿಯಬೇಡಿ. ಇಂಥ ತೆಳುವಾದ ಎಣ್ಣೆಗಳ ಬಾಟಲಿಗೆ ಮಕ್ಕಳು ಸುಲಭವಾಗಿ ತೆರೆಯಲಾಗದ ಮುಚ್ಚಳ ಇರಬೇಕೆಂದು ಅಮೆರಿಕ ಸರ್ಕಾರ 2001ರಲ್ಲಿ ನಿಯಮ ಮಾಡಿತು. ನಾವು ಅದನ್ನು ಜ್ಯೂಸ್ ಬಾಟಲಿಗೆ ಸುರಿದ ಕ್ಷಣ ಆ ನಿಯಮವನ್ನು ಚರಂಡಿಗೆ ಸುರಿದಂತೆ. ಖಾಲಿ ಬಾಟಲಿ ಬಿಸಾಡಲು ಮನಸ್ಸಾಗದ ನಮ್ಮ ಜನಕ್ಕೆ (ನಾನೂ ಸೇರಿ, ನಮ್ಮ ಮನೆಯ ಮೊಸರಿನ ಡಬ್ಬಿಗಳ ಸಾಲು ನೋಡಿದವರಿಗೆ ಗೊತ್ತು) ಇದು ಕಷ್ಟ. ಆದರೂ ಮಾಡಿ.

"ನಮ್ಮಜ್ಜಿ ಗಾಯಕ್ಕೂ ಸೀಮೆಎಣ್ಣೆ, ಹೇನಿಗೂ ಸೀಮೆಎಣ್ಣೆ ಹಚ್ಚುತ್ತಿದ್ದರು, ನಮಗೇನಾಯಿತು?" ಎನ್ನುವವರಿಗೂ ಒಂದು ಉತ್ತರ. ನಿಮಗೇನೂ ಆಗಲಿಲ್ಲ, ಅದಕ್ಕೇ ಇಂದು ಕೂತು ಕೇಳುತ್ತಿದ್ದೀರಿ. ಆಗಿಹೋದವರು ಬಂದು ಕೇಳುವುದಿಲ್ಲ. 1994ರ ಆ ಮಗು ಇದ್ದಿದ್ದರೆ ಅದಕ್ಕೀಗ ಮೂವತ್ತು ದಾಟಿರುತ್ತಿತ್ತು. ನಮ್ಮ ಸಂಘದ ಹೊಸ ಸದಸ್ಯರಲ್ಲಿ ಎಷ್ಟೋ ಮಂದಿಯ ವಯಸ್ಸು ಅದು.

ಸಂಘದ ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಯುಗಾದಿ ಕಾರ್ಯಕ್ರಮದಲ್ಲಿ ಸ್ವಾಗತ ಭಾಷಣಕ್ಕೂ ಮಕ್ಕಳ ಕೋಲಾಟಕ್ಕೂ ನಡುವೆ ಹತ್ತು ನಿಮಿಷ ಕೊಡಿ. ಎಲ್ಲರೂ ತಮ್ಮ ಗರಾಜಿನಿಂದ ಒಂದೊಂದು ಖಾಲಿ ಡಬ್ಬಿ ತನ್ನಿ. ಒಟ್ಟಿಗೆ ಹಿಂದೆ ತಿರುಗಿಸಿ ಓದೋಣ. ಓದಲು ಕನ್ನಡಕ ಬೇಕಾದವರು ಕನ್ನಡಕ ತನ್ನಿ, ಅಕ್ಷರ ಬಹಳ ಸಣ್ಣದು. ಅದಕ್ಕೆ ಮೊದಲು, ಇವತ್ತೇ, ಈ ಹಾಳೆಯ ಮೂಲೆ ಹರಿದು ಮೇಲಿನ ವಿಷ ಮಾಹಿತಿ ಕೇಂದ್ರದ ನಂಬರನ್ನು ಫ್ರಿಜ್ಜಿಗೆ ಅಂಟಿಸಿ. ಊರಿನಿಂದ ಅಪ್ಪ ಅಮ್ಮ ಬಂದು ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದರೆ ಅವರಿಗೆ ಕನ್ನಡದಲ್ಲಿ ಬರೆದುಕೊಡಿ: "ಮಗು ಎಣ್ಣೆ ಕುಡಿದರೆ ಕಕ್ಕಿಸಬೇಡಿ. ಈ ನಂಬರಿಗೆ ಫೋನ್ ಮಾಡಿ."

ಮಂಡಿಯ ಹಿರಿಯರ ವಿಷಯ ಕೇಳುತ್ತೀರಾ? ಜೆಲ್ ಹಚ್ಚುತ್ತಿದ್ದಾರೆ, ಮೆಟ್ಟಿಲ ಬಳಿ ದಿನಕ್ಕೆರಡು ಸಲ ವ್ಯಾಯಾಮ ಮಾಡುತ್ತಿದ್ದಾರೆ. ಡಬ್ಬಿಯಲ್ಲಿ ಉಳಿದಿದ್ದನ್ನು ಮಗನ ಮನೆಯ ಎಲ್ಲ ಬಾಗಿಲಿಗೂ ಹಾಕಿದರಂತೆ. ಈಗ ರಾತ್ರಿ ಎದ್ದು ಓಡಾಡಿದರೂ ಸೊಸೆಗೆ ಎಚ್ಚರವಾಗುವುದಿಲ್ಲವಂತೆ. ಈ "ಅಂತೆ"ಯನ್ನು ಮಾತ್ರ ನಾನು ವಿಚಾರಿಸಿ ನೋಡಿದ್ದೇನೆ. ನಿಜ.